ಬೋರು ಕೆಮ್ಮಿದ ಮಧ್ಯಾಹ್ನ

ಮೂರನೇ ಸಾಲಿನ ವಾಲ್ವು ತಿರುಗಿಸಿದೆನೋ, ಇಲ್ಲವೋ? ತಿರುಗಿಸಿರಲೇಬೇಕು. ಎರಡನೆಯದನ್ನು ಮುಚ್ಚಿದ್ದು ನೆನಪಿದೆ. ಮುಚ್ಚುವಾಗ ಅಂಗಾಲಿಗೆ ಜಲ್ಲಿ ಒತ್ತಿದ್ದೂ ನೆನಪಿದೆ. ಅಷ್ಟರಲ್ಲಿ ಹಾಲಿನವನು ಬಂದ. ಅವನೊಡನೆ ಮಾತಾಡಿದ್ದು ಮೂರನೆಯದನ್ನು ತೆರೆಯುವ ಮುಂಚೆಯೋ, ತೆರೆದ ಮೇಲೋ?

ಹನುಮಂತರಾಯಪ್ಪ ರೊಟ್ಟಿಯ ಚೂರನ್ನು ಅವರೆಕಾಳಿನ ಸಾರಿಗೆ ಅದ್ದಿ, ಬಾಯಿಗಿಡದೆ ಹಾಗೇ ಹಿಡಿದುಕೊಂಡು ಕುಳಿತಿದ್ದ. ಎದ್ದು ಹೋಗಿ ನೋಡಿದರೆ ಎರಡು ನಿಮಿಷದ ಕೆಲಸ. ಆದರೆ ಎದ್ದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳುವುದು ಅವನಿಗೆ ಬೇಕಿರಲಿಲ್ಲ.

"ಸಾರು ಪಂಚೆ ಮ್ಯಾಲೆ ತೊಟ್ಟಿಕ್ತಾ ಐತೆ. ಬೆಳ್‌ಬೆಳಗ್ಗೆ ಅದೇನು ಧ್ಯಾನ?" ಎಂದಳು ಹೆಂಡತಿ ಭಾಗ್ಯಮ್ಮ.

"ಏನಿಲ್ಲ."

ಮಾದನಾಯಕನಹಳ್ಳಿಯಲ್ಲಿ ಅವರ ರಾಗಿ ಹೊಲವಿದ್ದ ಜಾಗದಲ್ಲಿ ಈಗ ನಾಲ್ಕು ಸಾಲು, ಸಾಲಿಗೆ ನಾಲ್ಕರಂತೆ ಹದಿನಾರು ಬಾಡಿಗೆ ಮನೆ. ಎಲ್ಲಕ್ಕೂ ಒಂದೇ ಬೋರು, ಒಂದೇ ಎತ್ತರದ ತೊಟ್ಟಿ, ಸಾಲಿಗೊಂದು ವಾಲ್ವು. ಬೆಳಗ್ಗೆ ಐದೂವರೆಗೆ ಮೋಟಾರು ಹಾಕಿ, ತೊಟ್ಟಿ ತುಂಬಿದ ಮೇಲೆ ಸೊಂಟದೆತ್ತರದ ಕಬ್ಬಿಣದ ಕೀ ಹಿಡಿದು ಒಂದೊಂದು ಸಾಲಿಗೆ ನೀರು ಬಿಡುವುದು ಇಪ್ಪತ್ತೆರಡು ವರ್ಷದಿಂದ ಹನುಮಂತರಾಯಪ್ಪನ ಕೆಲಸ. ಅವನು ಗಡಿಯಾರ ನೋಡಿದವನಲ್ಲ. ತೊಟ್ಟಿ ತುಂಬುತ್ತ ಬಂದಂತೆ ಪೈಪಿನ ಸದ್ದು ದಪ್ಪವಾಗುತ್ತದೆ. ಜಗಲಿಯ ಮೇಲೆ ಕುಳಿತೇ "ಇನ್ನು ನಾಲ್ಕು ಬೆರಳು" ಎನ್ನುತ್ತಿದ್ದ. ಮೊಮ್ಮಗಳು ವೇಣಿ ಏಣಿ ಹತ್ತಿ ನೋಡಿದರೆ ಸರಿಯಾಗಿ ನಾಲ್ಕೇ ಬೆರಳು.

ಹೊರಗೆ ಬಕೆಟ್ಟು ನೆಲಕ್ಕೆ ಕುಕ್ಕಿದ ಸದ್ದಾಯಿತು. ಮೂರನೇ ಸಾಲಿನ ಬಾಡಿಗೆದಾರ ಈರೇಶ್. ಹಾವೇರಿ ಕಡೆಯವನು, ಪೀಣ್ಯದಲ್ಲಿ ಲೇತ್ ಕೆಲಸ.

"ಯಜಮಾನ್ರ, ನಮ್ಮ ಸಾಲಿಗೆ ಇವತ್ತ ಏಕಾದಶಿ ಏನ್ರಿ? ನಳ ತಿರುವಿದ್ರ ಬರೇ ಗಾಳಿ ಬರಾಕತ್ತೈತಿ."

ಹನುಮಂತರಾಯಪ್ಪ ಕೈಯಲ್ಲಿದ್ದ ಚೂರನ್ನು ತಟ್ಟೆಗೆ ಹಾಕಿದ. ಅವನು ಏಳುವ ಮುಂಚೆಯೇ ಸೊಸೆ ಮಾಲಾ ಊಟದ ಡಬ್ಬಿಯ ಮುಚ್ಚಳ ಹಾಕಿ ಕೀ ಎತ್ತಿಕೊಂಡಳು. "ನೀವು ತಿನ್ನಿ ಮಾವ. ನಾನು ಬಿಟ್ಟು ಬರ್ತೀನಿ."

ಮಗ ನಂದೀಶ ಬೂಟಿನ ದಾರ ಕಟ್ಟುತ್ತಿದ್ದ. ಅವನು ಪೀಣ್ಯದ ಒಂದು ಕಾರ್ಖಾನೆಯ ಸ್ಟೋರಿನಲ್ಲಿದ್ದ. "ಅಪ್ಪ, ಈ ತಿಂಗಳಲ್ಲಿ ಇದು ಮೂರನೇ ಸಲ."

"ಎಣಿಸ್ಕಂಡು ಕುಂತಿದ್ದೀಯಾ?"

"ಎಣಿಸೋಕೇ ಕಣಪ್ಪ ನನಗೆ ಸಂಬಳ ಕೊಡೋದು."

ಮಾಲಾ ವಾಪಸು ಬರುವಷ್ಟರಲ್ಲಿ ಅವಳ ಗಾರ್ಮೆಂಟ್ಸಿನ ವ್ಯಾನು ಹೋಗಿಬಿಟ್ಟಿತ್ತು. ಕೀಯನ್ನು ಗೋಡೆಗೆ ಒರಗಿಸಿ, ಸೀರೆಯ ನೆರಿಗೆಗೆ ಹಾರಿದ್ದ ಕೆಸರನ್ನು ನೋಡಿಕೊಂಡಳು.

"ವ್ಯಾನು ಮೂರು ದಿನ ತಪ್ಪಿತು. ಇನ್ನೊಂದು ಸಲ ಲೇಟಾದ್ರೆ ಗೇಟಲ್ಲೇ ನಿಲ್ಲಿಸ್ತಾರೆ. ನಮ್ಮ ಫ್ಯಾಕ್ಟ್ರೀಲಿ ಮೋಟಾರು ತಾನೇ ಶುರುವಾಗುತ್ತೆ, ತಾನೇ ನಿಲ್ಲುತ್ತೆ. ವಾಲ್ವೂ ಅಷ್ಟೆ. ಎಲ್ಲ ಫೋನಲ್ಲಿ ಕಾಣುತ್ತೆ. ಇಲ್ಲೂ ಒಂದು ಹಾಕ್ಸಿ. ಮಾವನಿಗೂ ಆರಾಮ."

"ಆರಾಮ ಬೇಕು ಅಂತ ಅವರು ನಿನ್ನ ಕೇಳಿದ್ರಾ?" ಎಂದಳು ಭಾಗ್ಯಮ್ಮ.

"ಅವರು ಕೇಳಲ್ಲ ಅತ್ತೆ. ಅದಕ್ಕೇ ನಾನು ಕೇಳ್ತಾ ಇದ್ದೀನಿ."

ಎಲ್ಲರೂ ಹನುಮಂತರಾಯಪ್ಪನ ಕಡೆ ನೋಡಿದರು. ಬೇಡ ಎಂದಿದ್ದರೆ ಅಲ್ಲಿಗೆ ನಿಲ್ಲುತ್ತಿತ್ತು. ಆ ಮನೆಯಲ್ಲಿ ಅವನ ಮಾತಿಗೆ ಇನ್ನೂ ಅಷ್ಟು ತೂಕವಿತ್ತು. ಆದರೆ ಹಾಲಿನವನ ಜತೆ ಮಾತಾಡಿದ್ದು ಮುಂಚೆಯೋ ಆಮೇಲೋ ಎಂಬುದು ಅವನಿಗೆ ಆಗಲೂ ನೆನಪಾಗಿರಲಿಲ್ಲ.

"ನಿಮ್ಗೆ ಎಂಗೆ ಬೇಕೋ ಅಂಗೆ ಮಾಡ್ಕಳಿ," ಎಂದು ಎದ್ದು ಕೈ ತೊಳೆದ.

ಸಂಕ್ರಾಂತಿ ಕಳೆದ ವಾರ ನೆಲಮಂಗಲದಿಂದ ಶಶಿಕುಮಾರ್ ಎಂಬ ಹುಡುಗ ಬಂದು ಸ್ಟಾರ್ಟರಿನ ಪಕ್ಕ ಬಿಳೀ ಡಬ್ಬವೊಂದನ್ನು ಕೂರಿಸಿದ. ತೊಟ್ಟಿಗೆ ನೀರಿನ ಮಟ್ಟ ಅಳೆಯುವ ಸೆನ್ಸರ್ ಇಳಿಬಿಟ್ಟ. ನಾಲ್ಕು ವಾಲ್ವಿಗೂ ಪುಟ್ಟ ಮೋಟಾರು ಹಾಕಿದ. ಮನೆಯವರೆಲ್ಲರ ಫೋನಿಗೂ ಒಂದು ಆ್ಯಪ್ ಬಂತು. "ಹಸಿರು ಸುತ್ತು ಇದ್ರೆ ಎಲ್ಲಾ ಓಕೆ ಯಜಮಾನ್ರೆ. ಕೆಂಪಾದ್ರೆ ನನಗೆ ಫೋನ್ ಹಾಕಿ."

ಹನುಮಂತರಾಯಪ್ಪ ಡಬ್ಬವನ್ನು ಸುತ್ತಲೂ ನೋಡಿದ. "ಬ್ಯಾಸಿಗೇಲಿ ಈ ಬೋರು ಕೆಮ್ತದೆ ಕಣಪ್ಪ. ಮುಕ್ಕಾಲು ಗಂಟೆ ಓಡೋ ಹೊತ್ಗೆ ನೀರು ತಳಕ್ಕೆ ಓಗಿ ಗಾಳಿ ಎಳ್ಕತದೆ. ಆಗ ನಿಲ್ಸಿ, ಅರ್ಧ ಗಂಟೆ ಉಸ್ರು ತಗೊಳ್ಳಾಕೆ ಬಿಡ್ಬೇಕು. ಇಲ್ದಿದ್ರೆ ಮೋಟಾರು ಸುಡ್ತದೆ. ಇದಕ್ಕೆ ಆ ಕೆಮ್ಮು ಕೇಳಿಸ್ತದಾ?"

"ಇದಕ್ಕೆ ತೊಟ್ಟಿ ಒಂದೇ ಲೆಕ್ಕ. ತುಂಬ್ತಾ, ಆಫ್. ತುಂಬಿಲ್ವಾ, ಆನ್. ಬೋರಿನ ಕೆಮ್ಮಿಗೆ ಬೇರೆ ಸೆನ್ಸರ್ ಬರುತ್ತೆ, ಈಗ ಸ್ಟಾಕಿಲ್ಲ. ಮಾರ್ಚಲ್ಲಿ ಒಂದು ಫೋನ್ ಮಾಡಿ, ಬಂದು ಹಾಕ್ತೀನಿ."

"ನಾನು ಮಾಡ್ತೀನಿ," ಎಂದು ನಂದೀಶ ಫೋನು ತೆಗೆದು, ಮಾರ್ಚ್ ಹತ್ತಕ್ಕೆ ನೆನಪಿಸು ಎಂದು ಒಂದು ಸಾಲು ಬರೆದುಕೊಂಡ. ಬರೆದುಕೊಂಡ ಮೇಲೆ ಅದು ಅವನ ತಲೆಯಿಂದ ಹೊರಟುಹೋಯಿತು.

ಮೊದಲ ಎರಡು ವಾರ ಹನುಮಂತರಾಯಪ್ಪ ಡಬ್ಬವನ್ನು ನಂಬಲಿಲ್ಲ. ಐದೂವರೆಗೇ ಎದ್ದು, ಟವೆಲ್ಲು ಹೊದ್ದು ಜಗಲಿಯ ಮೇಲೆ ಕುಳಿತು ಪೈಪಿಗೆ ಕಿವಿ ಕೊಡುತ್ತಿದ್ದ. ಸದ್ದು ದಪ್ಪವಾದಾಗ "ನಾಲ್ಕು ಬೆರಳು" ಎಂದು ತನಗೆ ತಾನೇ ಹೇಳಿಕೊಂಡು ಆಮೇಲೆ ಫೋನು ನೋಡುತ್ತಿದ್ದ. ನೂರಕ್ಕೆ ತೊಂಬತ್ತನಾಲ್ಕು ಎಂದು ತೋರಿಸುತ್ತಿತ್ತು. ಇಬ್ಬರದ್ದೂ ಸರಿಹೋದರೆ ಅವನಿಗೆ ಖುಷಿ. ವೇಣಿ ಶಾಲೆಗೆ ಹೊರಡುವಾಗ "ಇವತ್ತು ಯಾರು ಗೆದ್ರು ತಾತ?" ಎಂದರೆ "ಇಬ್ರೂವೆ" ಎನ್ನುತ್ತಿದ್ದ.

ಆಮೇಲೆ ಯಾವ ದಿನದಿಂದಲೋ ಏನೋ, ಮೊದಲು ಫೋನು ನೋಡಿ ಆಮೇಲೆ ಕಿವಿ ಕೊಡುವುದು ಶುರುವಾಯಿತು. ಶಿವರಾತ್ರಿಯ ಹೊತ್ತಿಗೆ ಏಳುವುದೇ ಏಳು ಗಂಟೆಗೆ. ಮಂಡಿನೋವು ಕಡಿಮೆಯಾಯಿತು. ಮಾಲಾಳ ವ್ಯಾನು ಒಂದು ದಿನವೂ ತಪ್ಪಲಿಲ್ಲ. ಮೂರನೇ ಸಾಲಿನವರು ಬಕೆಟ್ಟು ಹಿಡಿದು ಬರುವುದು ನಿಂತಿತು. ಕಬ್ಬಿಣದ ಕೀಯನ್ನು ಭಾಗ್ಯಮ್ಮ ತಾರಸಿಗೆ ಒಯ್ದು, ಸಂಡಿಗೆಯ ಬಟ್ಟೆ ಗಾಳಿಗೆ ಹಾರದಂತೆ ಅಂಚಿಗೆ ಇಟ್ಟುಕೊಂಡಳು. ಯಾರಿಗೂ ದೂರಿರಲಿಲ್ಲ.

ಅವನಿಗೆ ಮಾತ್ರ ಕೂತಲ್ಲಿ ಕೂರಲಾಗದು. ಫೋನನ್ನು ಒಳಗೆ ಚಾರ್ಜಿಗೆ ಹಾಕಿದರೆ ಕಾಲು ಸುಟ್ಟ ಬೆಕ್ಕಿನ ಹಾಗೆ ಒಳಗೂ ಹೊರಗೂ ತಿರುಗುತ್ತಿದ್ದ. ಬಾಡಿಗೆಯ ಹೆಂಗಸೊಬ್ಬಳು "ಯಜಮಾನ್ರೆ, ನೀರು ಬರ್ತಾ ಇದ್ಯಾ?" ಎಂದು ಕೇಳಿದಾಗ "ತಡಿಯವ್ವ, ನೋಡಿ ಹೇಳ್ತೀನಿ" ಎಂದು ಜೇಬು ತಡಕಿದ. ಬೆನ್ನ ಹಿಂದೆ, ಎರಡು ಮಾರು ದೂರದಲ್ಲಿ, ತೊಟ್ಟಿಗೆ ನೀರು ಧೋ ಎಂದು ಬೀಳುತ್ತಿತ್ತು. ಆ ಹೆಂಗಸು ನಕ್ಕು ಹೋದಳು.

ಊಟಕ್ಕೆ ಕುಳಿತಾಗಲೂ ತಟ್ಟೆಯ ಪಕ್ಕ ಫೋನು. ಮಳೆ ಬರುತ್ತದೆಯೇ, ಇವತ್ತು ಯಾವ ತಿಥಿ, ಮಂಡಿಗೆ ಯಾವ ಎಣ್ಣೆ ಒಳ್ಳೆಯದು. ಎಲ್ಲವನ್ನೂ ಅದರಲ್ಲೇ ಕೇಳುವುದನ್ನು ವೇಣಿ ಕಲಿಸಿದ್ದಳು.

"ಸಾರಿಗೆ ಉಪ್ಪು ಸಾಕಾ ಅಂತಾನೂ ಅದನ್ನೇ ಕೇಳ್ರಿ," ಎಂದಳು ಭಾಗ್ಯಮ್ಮ ಮುದ್ದೆ ಹಾಕುತ್ತ. "ನಾಲ್ಗೆ ಯಾಕೆ ಸುಮ್ನೆ ಸವೆಸ್ತೀರಾ?"

"ನಿನ್ನ ಸಾರಿನ ಉಪ್ಪು ಅದಕ್ಕೂ ಗೊತ್ತಾಗಾಕಿಲ್ಲ ಬುಡು."

ವೇಣಿ ನಕ್ಕಳು. ಮಾಲಾ ನಗಲಿಲ್ಲ. "ಮಾವ, ಬೆಳಗ್ಗೆ ಒಂದು ಸುತ್ತು ವಾಕಿಂಗಾದ್ರೂ ಹೋಗಿ. ಇಡೀ ದಿನ ಅದನ್ನೇ ನೋಡ್ತಾ ಇರ್ತೀರಿ," ಎಂದಳು.

"ನೋಡಾಕೆ ತಾನೇ ತಂದಿದ್ದು?"

ಅವಳು ತನ್ನ ತಟ್ಟೆ ಎತ್ತಿಕೊಂಡು ಎದ್ದಳು.

ಯುಗಾದಿಗೆ ಮೂರು ದಿನವಿತ್ತು. ಹದಿನಾರು ಮನೆಯಲ್ಲೂ ಕಂಬಳಿ, ರಗ್ಗು, ಪರದೆ ಒಗೆಯುವ ಸಂಭ್ರಮ. ಬೆಳಗ್ಗೆ ತುಂಬಿದ ತೊಟ್ಟಿ ಮಧ್ಯಾಹ್ನದೊಳಗೆ ಬರಿದಾಗಿ, ಎರಡು ಗಂಟೆಗೆ ಮೋಟಾರು ತಾನೇ ಹೊತ್ತಿಕೊಂಡಿತು. ಮಾಲಾ, ನಂದೀಶ ಕೆಲಸದಲ್ಲಿದ್ದರು, ವೇಣಿ ಶಾಲೆಯಲ್ಲಿ. ಭಾಗ್ಯಮ್ಮ ಒಬ್ಬಟ್ಟಿಗೆ ಮೈದಾ, ಬೇಳೆ ತರಲು ಅಂಗಡಿಗೆ ಹೋಗಿದ್ದಳು. ಹನುಮಂತರಾಯಪ್ಪ ಮಸ್ಸೊಪ್ಪು, ಮುದ್ದೆ ಉಂಡು ಜಗಲಿಯ ಮೇಲೆ ಅಡ್ಡಾಗಿದ್ದ.

ಆಗ ಪೈಪಿನ ಸದ್ದು ತೆಳ್ಳಗಾಯಿತು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಖೊಕ್ ಎಂದು ಒಂದು ಕೆಮ್ಮು.

ಅವನು ಎದ್ದು ಕೂತ. ಒಂದು ಕಾಲು ಆಗಲೇ ನೆಲಕ್ಕೆ ಇಳಿದಿತ್ತು. ಸ್ಟಾರ್ಟರಿಗೆ ಹತ್ತು ಹೆಜ್ಜೆ. ಇಪ್ಪತ್ತೆರಡು ಬೇಸಿಗೆ ಆ ಹತ್ತು ಹೆಜ್ಜೆ ನಡೆದು ಕೆಂಪು ಗುಂಡಿ ಒತ್ತಿದವನು. ಆದರೆ ಕೈ ಅಂಗಿಯ ಜೇಬಿಗೆ ಹೋಯಿತು. ಫೋನು ತೆಗೆದು ನೋಡಿದ. ಹಸಿರು ಸುತ್ತು. ಅದರ ಕೆಳಗೆ: ಮೋಟಾರು ಚಾಲೂ, ತೊಟ್ಟಿ ನಲವತ್ತೊಂದು.

ಪೈಪು ಮತ್ತೆ ಕೆಮ್ಮಿತು. ಬುಸ್ ಎಂದು ಗಾಳಿ ಬಿಟ್ಟಿತು.

ಕಿವಿಗೆ ಅರವತ್ತೆಂಟು ವರ್ಷ. ಹಾಲಿನವನು ಬಂದ ಬೆಳಗ್ಗೆ ತಲೆ ಕೈಕೊಟ್ಟಿತ್ತು. ಡಬ್ಬ ಎರಡು ತಿಂಗಳಲ್ಲಿ ಒಂದು ದಿನವೂ ಮರೆತಿರಲಿಲ್ಲ. ಈಗ ನಿಲ್ಲಿಸಿ, ಸಂಜೆಗೆ ತೊಟ್ಟಿ ತುಂಬದೆ, ಹದಿನಾರು ಮನೆಯವರು ಬಂದು ನಿಂತರೆ? 'ಅಪ್ಪ, ಅದನ್ನ ಯಾಕೆ ಮುಟ್ಟೋಕೆ ಹೋದ್ರಿ?' ಎಂದು ನಂದೀಶ ಕೇಳುವುದು ಈಗಲೇ ಕೇಳಿಸಿತು. ವೇಣಿ ಹೇಳಿಕೊಟ್ಟಂತೆ ಬೆರಳಿನಿಂದ ಪರದೆಯನ್ನು ಕೆಳಕ್ಕೆ ಎಳೆದು ಬಿಟ್ಟ. ಸುತ್ತು ಒಮ್ಮೆ ತಿರುಗಿ ಮತ್ತೆ ಹಸಿರಾಯಿತು. ನಲವತ್ತೊಂದು.

ಅವನು ಕಾಲನ್ನು ಮೇಲಕ್ಕೆಳೆದುಕೊಂಡು ಮಲಗಿದ. ಸ್ವಲ್ಪ ಹೊತ್ತಿಗೆ ಕೆಮ್ಮು ನಿಂತಿತು. ಸರಿಹೋಯಿತೇನೋ ಅಂದುಕೊಂಡ. ಅಂದುಕೊಂಡರೂ ಕಣ್ಣು ಹತ್ತಲಿಲ್ಲ.

ನಾಲ್ಕೂವರೆಗೆ, ಮೊದಲ ಪಾಳಿ ಮುಗಿಸಿ ಬಂದ ಈರೇಶನೇ ಸುಟ್ಟ ವಾಸನೆ ಹಿಡಿದು ಕೂಗಿದ. ಸುತ್ತು ಕೆಂಪಾಗಿತ್ತು. ಶಶಿಕುಮಾರ್ ಬಂದು ಮೀಟರು ಹಿಡಿದು ನೋಡಿ ತಲೆ ಅಲ್ಲಾಡಿಸಿದ. ನೀರಿಲ್ಲದೆ ಗಂಟೆಗಟ್ಟಲೆ ಒಣಗಿ ಓಡಿ ಮೋಟಾರು ಸುಟ್ಟಿದೆ, ಮೇಲೆತ್ತಬೇಕು. ಎತ್ತುವ ಗಾಡಿಗಳೆಲ್ಲ ಬೇಸಿಗೆಯ ಕೆಲಸದಲ್ಲಿ ಸುತ್ತುತ್ತಿದ್ದವು. ಯುಗಾದಿ ಮುಗಿಯುವವರೆಗೂ ಸಿಗುವುದಿಲ್ಲ ಎಂದ.

"ಇಪ್ಪತ್ತೆರಡು ವರ್ಷ ಒಂದು ಮೋಟಾರು ಸುಟ್ಟಿರ್ಲಿಲ್ಲ!" ಭಾಗ್ಯಮ್ಮ ಅಂಗಳದಲ್ಲೇ ನಿಂತು ಹೇಳಿದಳು, ನಾಲ್ಕು ಸಾಲಿಗೂ ಕೇಳುವಂತೆ. "ಅವರ ಕಿವಿ ಒಂದಿತ್ತು, ಸಾಕಾಗಿತ್ತು. ಆ ಕಿವಿಗೆ ರಜಾ ಕೊಟ್ಟು ಡಬ್ಬಾ ತಂದಿಟ್ಲು ಮಾರಾಯ್ತಿ. ಯಾಕೆ? ವ್ಯಾನಿಗೆ ಲೇಟಾಯ್ತದೆ!"

"ವ್ಯಾನು ತಪ್ಪಿಸ್ಕೊಂಡು ನೀರು ಬಿಟ್ಟೋಳೂ ನಾನೇ ಅಲ್ವಾ ಅತ್ತೆ?" ಮಾಲಾ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಹೆಗಲಲ್ಲಿ ಊಟದ ಚೀಲ ಹಾಗೇ ಇತ್ತು.

"ನೀವು ಇಲ್ಲೇ ಇದ್ರಲ್ಲ," ಭಾಗ್ಯಮ್ಮ ಗಂಡನ ಕಡೆ ತಿರುಗಿದಳು. "ನಿಮ್ಗೂ ಗೊತ್ತಾಗ್ಲಿಲ್ವಾ?"

"ನಿದ್ದೆ ಅತ್ತಿತ್ತು ಕಣೆ," ಎಂದ ಹನುಮಂತರಾಯಪ್ಪ.

"ಅದೇ ಮತ್ತೆ! ಎದ್ದಿದ್ರೆ ಬುಡ್ತಿದ್ರಾ? ಕೆಲ್ಸ ಕಿತ್ಕಂಡು ಮಲಗಿಸಿದ್ರೆ ಮನುಷ್ಯ ಮಲಗ್ತಾನೆ."

"ಸುಮ್ನಿರು," ಎಂದ ಅವನು. ಮಾಲಾ ಒಳಗೆ ಹೋಗಿ, ಅಕ್ಕಿ ತೊಳೆಯಲು ಪಾತ್ರೆಯಲ್ಲಿ ನೀರಿಲ್ಲದ್ದು ಕಂಡು ಮತ್ತೆ ಹೊರಗೆ ಬಂದಳು.

ಎರಡು ದಿನ ಟ್ಯಾಂಕರು ತರಿಸಿದರು. ಯುಗಾದಿಯ ಬೆಳಗ್ಗೆ ಟ್ಯಾಂಕರು ಒಂಬತ್ತಾದರೂ ಬರಲಿಲ್ಲ. ಹದಿನಾರು ಮನೆಯ ಮಕ್ಕಳೂ ಮೈತುಂಬ ಎಣ್ಣೆ ಹಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದರು. ಈರೇಶನ ನೆತ್ತಿಯಿಂದ ಎಣ್ಣೆ ಕಿವಿಗೆ ಇಳಿಯುತ್ತಿತ್ತು.

"ಎಣ್ಣಿ ಹಚ್ಚಿಕೊಂಡ ಕುಂತೇವ್ರಿ ಯಜಮಾನ್ರ. ತೊಳಕೊಳ್ಳಾಕ ಮುಂದಿನ ಯುಗಾದಿಗೆ ಬರ್ತೇವಿ ಬಿಡ್ರಿ."

ಹಿಂದಿನ ದಿನ ತೊಟ್ಟಿಯಲ್ಲಿ ಉಳಿದಿದ್ದ ನೀರನ್ನೇ ಮನೆಗೆ ಎರಡು ಬಕೆಟ್ಟಿನಂತೆ ಹಂಚಿದರು. ವೇಣಿಯ ಕೂದಲಲ್ಲಿ ಸೀಗೆಪುಡಿ ಹಾಗೇ ಉಳಿಯಿತು. ಬೇವು ಬೆಲ್ಲ ಹಂಚುವಾಗ ಭಾಗ್ಯಮ್ಮ ಎಲ್ಲರ ಅಂಗೈಗೂ ಕೊಟ್ಟು, ಮಾಲಾಳ ಪಾಲನ್ನು ಮಾತ್ರ ಬಟ್ಟಲಲ್ಲಿ ಬಿಟ್ಟು ಒಲೆಯ ಕಡೆ ಹೋದಳು. ಮಾಲಾ ತಾನೇ ತೆಗೆದು ಬಾಯಿಗೆ ಹಾಕಿಕೊಂಡಳು.

ಮಧ್ಯಾಹ್ನ ಒಬ್ಬಟ್ಟಿನೂಟವಾದ ಮೇಲೆ ಹನುಮಂತರಾಯಪ್ಪ ಜಗಲಿಯ ಮೇಲೆ ಕುಳಿತಿದ್ದ. ಮಾಲಾ ಅಂಗಳ ಗುಡಿಸುತ್ತ ಬಂದು ಅವನ ಹತ್ತಿರ ನಿಂತಳು. ಕೈಯಲ್ಲಿ ಪೊರಕೆಯೂ ಇತ್ತು, ಫೋನೂ ಇತ್ತು.

"ಮಾವ, ಅವತ್ತು ಎರಡು ನಲವತ್ತೇಳಕ್ಕೆ ನಿಮ್ಮ ಫೋನಲ್ಲಿ ಆ್ಯಪ್ ತೆಗೆದು ನೋಡಿದ್ದೀರಿ. ಎರಡು ನಲವತ್ತೆಂಟಕ್ಕೆ ಇನ್ನೊಂದು ಸಲ. ಯಾರು ಯಾವಾಗ ನೋಡಿದ್ರು ಅಂತ ಇದರಲ್ಲಿ ಬರುತ್ತೆ."

ಅವನು ಅವಳ ಫೋನನ್ನು ನೋಡಲಿಲ್ಲ. ಪೊರಕೆಯ ಕಡೆ ನೋಡಿದ. "ಊಂ. ನೋಡ್ದೆ."

"ಅತ್ತೆ ಹತ್ರ ನಿದ್ದೆ ಅಂದ್ರಿ."

"ಆಮ್ಯಾಲೆ ಅತ್ತಿತು."

"ಏನು ತೋರಿಸ್ತಿತ್ತು?"

"ಹಸ್ರು."

ಮಾಲಾ ಉಸಿರು ಬಿಟ್ಟಳು. "ಹಸಿರಿತ್ತು ಅಂದ್ಮೇಲೆ ನೀವಾದ್ರೂ ಏನು ಮಾಡೋಕಾಗುತ್ತೆ." ಎರಡು ಸಲ ಪೊರಕೆ ಆಡಿಸಿ ಮತ್ತೆ ನಿಂತಳು. "ಸುಮ್ನೆ ನೋಡಿದ್ರಾ ಮಾವ?"

"ಸುಮ್ನೆ."

ಅವಳು ಗುಡಿಸುತ್ತ ಅಂಗಳದ ಆ ಮೂಲೆಯವರೆಗೂ ಹೋದಳು. ಅವಳು ಅತ್ತೆಗೆ ಇದನ್ನು ಹೇಳಲಿಲ್ಲ ಎಂಬುದು ಸಂಜೆಯ ಕಾಫಿಯ ಹೊತ್ತಿಗೆ ಅವನಿಗೆ ಗೊತ್ತಾಯಿತು. ಭಾಗ್ಯಮ್ಮ ಇನ್ನೂ ಡಬ್ಬವನ್ನೇ ಬೈಯುತ್ತಿದ್ದಳು.

ಮಾರನೆಯ ದಿನ ಹೊಸತೊಡಕು, ಬಾಡೂಟದ ದಿನ. ಗಾಡಿಯವನು ಎಂಟಕ್ಕೇ ಬಂದು ಹಳೆಯ ಮೋಟಾರು ಎತ್ತಿ ಹೊಸದನ್ನು ಇಳಿಸಿದ. ಶಶಿಕುಮಾರ್ ಕೆಮ್ಮಿನ ಸೆನ್ಸರನ್ನೂ ಹಾಕಿದ. ಮಧ್ಯಾಹ್ನ ಮನೆತುಂಬ ಮಟನ್ ಸಾರಿನ ಘಮ. ಗಾಡಿ ತಳ್ಳಲು ಕೈಜೋಡಿಸಿದ್ದ ಈರೇಶನನ್ನೂ ಊಟಕ್ಕೆ ಕೂರಿಸಿದರು.

"ನಾನು ಮಾಂಸ ತಿನ್ನಂಗಿಲ್ರಿ ಅಮ್ಮಾರ," ಎಂದ ಅವನು.

"ನಿಂಗೆ ನೆನ್ನೇದು ಒಬ್ಬಟ್ಟು ಇಟ್ಟಿವ್ನಿ, ತಿನ್ನು. ಕೂಗಾಡೋಕೆ ಶಕ್ತಿ ಬ್ಯಾಡ್ವಾ?" ಎಂದಳು ಭಾಗ್ಯಮ್ಮ.

ನಂದೀಶ ಮುದ್ದೆ ಮುರಿದವನು ಬಾಯಿಗಿಡದೆ ನಿಲ್ಲಿಸಿದ. "ಅಮ್ಮ, ಒಂದು ಮಾತು. ಇದರಲ್ಲಿ ಮಾಲಾ ತಪ್ಪಿಲ್ಲ. ಮಾರ್ಚ್ ಹತ್ತಕ್ಕೆ ಫೋನು ನನಗೆ ನೆನಪು ಮಾಡಿತ್ತು. ಸ್ಟಾಕ್ ಲೆಕ್ಕ ನಡೀತಿತ್ತು, ಆಮೇಲೆ ನೋಡೋಣ ಅಂತ ಒರೆಸಿಬಿಟ್ಟೆ. ಒರೆಸಿದ್ಮೇಲೆ ತಲೇಲಿ ಏನೂ ಉಳೀಲಿಲ್ಲ. ಸುಟ್ಟಿದ್ದು ನನ್ನಿಂದ."

ಭಾಗ್ಯಮ್ಮ ಸೌಟನ್ನು ಪಾತ್ರೆಯ ತಳಕ್ಕೆ ಬಿಟ್ಟು, ಹುಡುಕಿ, ದೊಡ್ಡದೊಂದು ಮೂಳೆಯ ತುಂಡನ್ನು ತೆಗೆದು ಮಾಲಾಳ ತಟ್ಟೆಗೆ ಹಾಕಿದಳು. ಒಳಗೆ ನೆಣ ತುಂಬಿದ ಮೂಳೆ. ಆ ಮನೆಯಲ್ಲಿ ಅದು ಯಾವಾಗಲೂ ಹನುಮಂತರಾಯಪ್ಪನ ಪಾಲು. "ತಿನ್ನು, ಆರ್ತದೆ," ಎಂದಳು.

ಹೇಳುವುದಾದರೆ ಈಗ ಹೇಳಬಹುದಿತ್ತು. ಮಗ ದಾರಿ ಮಾಡಿಕೊಟ್ಟಿದ್ದ. ಹನುಮಂತರಾಯಪ್ಪ ನೀರು ಕುಡಿದು ಲೋಟವನ್ನು ಕೆಳಗಿಟ್ಟ. ಬಾಯಿ ತೆರೆಯುವಷ್ಟರಲ್ಲಿ ನಂದೀಶ ಎದ್ದು ಹೋಗಿ ತಾರಸಿಯಿಂದ ಕೀ ತಂದಿದ್ದ. ತುದಿಗೆ ಸಂಡಿಗೆಯ ಹಿಟ್ಟು ಒಣಗಿ ಅಂಟಿತ್ತು.

"ಡಬ್ಬಾ ಇರ್ಲಿ ಅಪ್ಪ. ಆದ್ರೆ ನಾಳೆಯಿಂದ ಮತ್ತೆ ನೀವು ಕೂತ್ಕೊಳ್ಳಿ. ಅದು ಏನೇ ತೋರಿಸ್ಲಿ, ನಿಮ್ಮ ಕಿವಿಗೆ ಬೇರೆ ಕೇಳಿಸಿದ್ರೆ ನೀವು ಹೇಳಿದ್ದೇ ಫೈನಲ್."

"ಅಲ್ರೀ ಮತ್ತ," ಎಂದ ಈರೇಶ್, ಒಬ್ಬಟ್ಟು ತುಂಬಿದ ಬಾಯಲ್ಲಿ. "ಯಜಮಾನ್ರು ಅವತ್ತ ಎಚ್ಚರ ಇದ್ದಿದ್ರ ಒಂದ ಕೆಮ್ಮಿಗೇ ಬಂದ್ ಮಾಡ್ತಿದ್ರು."

ಮಾಲಾ ತಲೆಯೆತ್ತಿ ಮಾವನನ್ನು ನೋಡಿದಳು. ಅವನು ಕೀ ತೆಗೆದುಕೊಂಡು ಮಂಡಿಯ ಮೇಲೆ ಅಡ್ಡಲಾಗಿಟ್ಟುಕೊಂಡ. ಅಂಟಿದ್ದ ಹಿಟ್ಟನ್ನು ಉಗುರಿನಿಂದ ಕೆರೆದ.

ಹೊರಗೆ ಹೊಸ ಮೋಟಾರು ತೊಟ್ಟಿ ತುಂಬಿಸುತ್ತಿತ್ತು. ವೇಣಿ ಕೈ ತೊಳೆದು ಬಂದು ಏಣಿಯ ಬುಡದಲ್ಲಿ ನಿಂತಳು. "ತಾತ, ಎಷ್ಟು ಬೆರಳು?"

ಪೈಪಿನ ಸದ್ದು ದಪ್ಪವಾಗುತ್ತಿತ್ತು. ಅವನಿಗೆ ಅದು ಚೆನ್ನಾಗಿ ಕೇಳಿಸಿತು. "ನಾಲ್ಕು," ಎಂದ.

ವೇಣಿ ಏಣಿ ಹತ್ತತೊಡಗಿದಳು. ಅವಳು ಮೂರನೇ ಮೆಟ್ಟಿಲಿಗೆ ಹೋಗುವಷ್ಟರಲ್ಲಿ ಅವನ ಕೈ ಜೇಬಿನಿಂದ ಫೋನು ತೆಗೆದಿತ್ತು.

"ನಾಲ್ಕೇ ತಾತ!" ಮೇಲಿನಿಂದ ಕೂಗು ಬಂತು. ಎಲ್ಲರೂ ನಕ್ಕರು. ಮಾಲಾ ನಗಲಿಲ್ಲ, ಅವನ ಕೈಯಲ್ಲಿದ್ದ ಫೋನಿನ ಕಡೆ ನೋಡುತ್ತಿದ್ದಳು. ಅವನು ಅದನ್ನು ಮೊಗಚಿ ಪಂಚೆಯ ಮೇಲಿಟ್ಟುಕೊಂಡ.

ಅವತ್ತು ಬೋರು ಕೆಮ್ಮಿದ್ದು ತನಗೆ ಕೇಳಿಸಿತ್ತು, ಕೇಳಿಸಿದ್ದಕ್ಕೇ ಫೋನು ನೋಡಿದ್ದು ಎಂಬ ಮಾತನ್ನು ಹನುಮಂತರಾಯಪ್ಪ ಯಾರಿಗೂ ಹೇಳಲಿಲ್ಲ.